ಲಿಂಗಮ್ಮ ಡೌನು ಇಳಿದದ್ದು

ಗೋವಿಂದರಾಜನಗರದಲ್ಲಿ ಲಿಂಗಮ್ಮ ಸುಮ್ಮನೆ ಕೂತದ್ದನ್ನು ನೋಡಿದವರು ಕಡಿಮೆ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಕೂರುವಳು. ಕೈ ಮುದ್ದೆ ಮುರಿಯುತ್ತಿದ್ದರೆ ಕಣ್ಣು ಬೀದಿಯ ಮೇಲೆ. ಬಾಡಿಗೆ ಸೈಕಲ್ ಅಂಗಡಿ ಇಟ್ಟವರಿಗೆ ಈ ಚಟ ಹೇಗೂ ಅಂಟಿಕೊಳ್ಳುತ್ತದೆ. ಅರ್ಧ ಗಂಟೆಗೆಂದು ಹೋದ ಸರಕು ಮಧ್ಯಾಹ್ನ ಕಳೆದ ಮೇಲೆ ವಾಪಸಾಗುತ್ತದೆ. ಹೋದಾಗ ಇದ್ದ ಭಾಗಗಳೆಲ್ಲ ಜೊತೆಯಲ್ಲಿ ಬರುತ್ತವೆಂಬ ಭರವಸೆಯಿಲ್ಲ. ಹಾಗೆ ಓಡಿಹೋಗುವ ಸರಕನ್ನು ಕೈಯಾರೆ ಕೊಟ್ಟು ನೆಮ್ಮದಿಯಾಗಿ ಕೂರುವವರು ಒಂದೋ ಸಂತರು, ಇಲ್ಲವೇ ದಿವಾಳಿ ಎದ್ದವರು. ಲಿಂಗಮ್ಮ ಎರಡೂ ಅಲ್ಲ.

ಅವಳು ಕೆಂಗೇರಿ ಕಡೆಯ ಹುಡುಗಿ. ಅಣ್ಣಂದಿರು ಹೊಲಕ್ಕೆ ಹೋದಾಗ ಅವರ ಸೈಕಲ್ಲು ಎಳೆದುಕೊಂಡು, ಬಾರಿನ ಅಡಿಯಿಂದ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವಳು. ಚಿಕ್ಕಮುನಿಯಪ್ಪನವರ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಆ ಮನೆಯ ರಾಗಿ ಹೊಲ ಬಡಾವಣೆಯಾಗಿತ್ತು. ಸಾಲು ಹೊಡೆದಿದ್ದ ನೆಲದಲ್ಲಿ ಸೈಟಿನ ಕಲ್ಲುಗಳು ಮೊಳೆತಿದ್ದವು. ಗಂಡ ನಾಗರಾಜು ಉತ್ಸಾಹದಲ್ಲಿ ಸೈಕಲ್ ಅಂಗಡಿ ತೆಗೆದ, ವರ್ಷದೊಳಗೆ ಬೇಸರವಾಗಿ ಬಿನ್ನಿಪೇಟೆಯ ಮಿಲ್ಲಿಗೆ ಸೇರಿಕೊಂಡ. ಅಂಗಡಿ ಹೆಂಡತಿಯ ಕೈಗೆ ಬಂತು. ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಾಗಿದ್ದು ಒಂದರಲ್ಲಿ ಮಾತ್ರ: ನಾಗರಾಜು ಕೊಡುತ್ತಿದ್ದ ಸೈಕಲ್ಲಿಗೆ ಬ್ರೇಕು ಹಿಡಿಯುತ್ತಿರಲಿಲ್ಲ.

ಹೆಂಗಸರಿಗೆ ಕಲಿಸುವ ಕೆಲಸ ತಾನಾಗಿ ಶುರುವಾಯಿತು. ಮಾಗಡಿ ರಸ್ತೆಯ ಊದುಬತ್ತಿ ಕಾರ್ಖಾನೆಯ ಪಾಪಮ್ಮ ಒಂದು ಮಧ್ಯಾಹ್ನ ಬಂದು, "ಲಿಂಗಕ್ಕ, ಬಸ್ಸು ನಿಲ್ಸೋದೇ ಇಲ್ಲ, ನಂಗೂ ಸೈಕಲ್ ಕಲಿಸ್ಬಿಡು," ಎಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಗಂಡಸರು ಕೆಲಸದಲ್ಲಿರುವ ಹೊತ್ತು ನೋಡಿ ಮೈದಾನದಲ್ಲಿ ಪಾಠ. ಲಿಂಗಮ್ಮ ಕ್ಯಾರಿಯರ್ ಹಿಡಿದು ಹಿಂದೆ ಓಡುವಳು, ಬೈಯುವಳು, ಹೇಳದೆ ಕೈ ಬಿಡುವಳು. ಬಿಟ್ಟಿದ್ದು ತಿಳಿದವರು ಬೀಳುತ್ತಿದ್ದರು, ತಿಳಿಯದವರು ಕಲಿಯುತ್ತಿದ್ದರು.

ಇಷ್ಟೆಲ್ಲ ಸಮತಟ್ಟು ನೆಲದ ಮಾತು. ಅಂಗಡಿಯ ಮುಂದಿನಿಂದ ಮಾಗಡಿ ರಸ್ತೆಯ ಕಡೆ ಇಳಿಯುವ ದಾರಿಯೊಂದಿತ್ತು. ಎಲ್ಲರೂ ಅದಕ್ಕೆ ಡೌನು ಎನ್ನುತ್ತಿದ್ದರು. ರಸ್ತೆ ಮಾಡಲು ಬಂದವರು ಜಲ್ಲಿ ಸುರಿದು, ಟಾರು ತರುತ್ತೇವೆಂದು ಹೋದವರು ಮತ್ತೆ ಪತ್ತೆಯಾಗಿರಲಿಲ್ಲ. ನಡುವೆ ಒಂದು ತಿರುವು, ಮಳೆನೀರು ಕೊರೆದ ಕೊರಕಲು, ಕೆಳಗೆ ಮೋರಿ, ಮೋರಿಯ ಪಕ್ಕ ರಾಗಿ ಮಿಷನ್ನು. ಮಿಷನ್ನಿನ ಮುಂದಿನ ಬೆಂಚಿನ ಮೇಲೆ ಮಾವ ಚಿಕ್ಕಮುನಿಯಪ್ಪ ದಿನವೆಲ್ಲ ಕೂತಿರುತ್ತಿದ್ದರು. ಹೊಲ ಹೋದ ಮೇಲೆ ನೋಡಿಕೊಳ್ಳಲು ಅವರಿಗೆ ಉಳಿದಿದ್ದು ಆ ದಾರಿಯೊಂದೇ.

ಲಿಂಗಮ್ಮ ಡೌನಿನ ತಲೆಗೆ ಬಂದೊಡನೆ ಸೈಕಲ್ಲಿನಿಂದ ಇಳಿದು, ಸೆರಗು ಹೊದ್ದು, ಸೈಕಲ್ಲನ್ನು ಕರುವಿನಂತೆ ನಡೆಸಿಕೊಂಡು ಮಾವನ ಮುಂದೆ ಹಾಯುತ್ತಿದ್ದಳು. ಹಿರಿಯರ ಎದುರು ಸೈಕಲ್ ಮೇಲೆ ಕೂತು ಹೋಗುವುದು ಮರ್ಯಾದೆಯಲ್ಲ. ಬಡಾವಣೆಯ ಅತ್ತೆಯರೆಲ್ಲ ತಮ್ಮ ಸೊಸೆಯಂದಿರಿಗೆ ಅವಳನ್ನು ತೋರಿಸುತ್ತಿದ್ದರು.

ನಿಜವೇನೆಂದರೆ, ಲಿಂಗಮ್ಮನಿಗೆ ಡೌನು ಕಂಡರೆ ಭಯ. ಮದುವೆಯ ಹೊಸದರಲ್ಲಿ ಒಮ್ಮೆ ಯಾರೂ ಇಲ್ಲದಾಗ ಇಳಿಯಲು ಹೋಗಿ ಹ್ಯಾಂಡಲ್ ಮೇಲಿಂದ ಹಾರಿಬಿದ್ದು, ಮನೆಯಲ್ಲಿ ಬಚ್ಚಲಲ್ಲಿ ಜಾರಿದೆ ಎಂದಿದ್ದಳು. ಅಂದಿನಿಂದ ಮಾವನ ಬೆಂಚು ಅವಳಿಗೆ ದೊಡ್ಡ ಆಸರೆ. ಭಯವನ್ನು ಮರ್ಯಾದೆಯ ಪೊಟ್ಟಣದಲ್ಲಿ ಕಟ್ಟಿಟ್ಟರೆ ಬಿಚ್ಚಿ ನೋಡುವ ಗಿರಾಕಿ ಸಿಗುವುದಿಲ್ಲ.

ಪೊಟ್ಟಣ ಬಿಚ್ಚಿದ್ದು ರಾಜ್ಯೋತ್ಸವದ ಸಮಯದಲ್ಲಿ. ಕನ್ನಡ ಸಂಘದ ಕಾರ್ಯದರ್ಶಿ ಪುರುಷೋತ್ತಮ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಮೈಕು ಅವನದೇ ಆದ್ದರಿಂದ ಕಾರ್ಯದರ್ಶಿಯೂ ಅವನೇ. ಪ್ರತಿವರ್ಷದ ಸೈಕಲ್ ಸ್ಪರ್ಧೆಯಲ್ಲಿ ಹುಡುಗರು ಮೈದಾನ ಸುತ್ತಿ, ಡೌನು ಇಳಿದು, ಮೋರಿಯ ಹತ್ತಿರ ಮುಗಿಸುತ್ತಿದ್ದರು. ಈ ಸಲ ಹೆಂಗಸರಿಗೂ ಸ್ಪರ್ಧೆ ಇಡುತ್ತೇವೆ, ಆದರೆ ಮೈದಾನದಲ್ಲಿ ಮಾತ್ರ ಎಂದು ಅವನು ಅಂಗಡಿಗೆ ಬಂದು ಹೇಳಿದ. ಪಾಪಮ್ಮ ಅಲ್ಲೇ ಪಂಕ್ಚರ್ ಹಾಕಿಸಿಕೊಳ್ಳುತ್ತಿದ್ದಳು.

"ಯಾಕಣ್ಣ, ಡೌನಲ್ಲಿ ನಾವು ಇಳಿದ್ರೆ ಜಲ್ಲಿ ಸವೆದೋಗುತ್ತಾ?"

"ಬಿದ್ರೆ ಯಾರಮ್ಮ ಜವಾಬ್ದಾರಿ? ನಿಮ್ಮ ಗುರುಗಳೇ ತಳ್ಕೊಂಡು ಇಳೀತಾರೆ."

"ಅವ್ರು ತಳ್ಳೋದು ಮಾವನ ಮರ್ಯಾದೆಗೆ ಕಣಣ್ಣ. ಮನಸ್ಸು ಮಾಡಿದ್ರೆ ನಿಮ್ಮ ಹುಡುಗರನ್ನೆಲ್ಲ ಹಿಂದೆ ಹಾಕ್ತಾರೆ."

"ಹಂಗಾದ್ರೆ ಭಾನುವಾರ ಒಂದ್ಸಲ ಇಳಿದು ತೋರಿಸ್ಲಿ. ನನ್ನ ಕಣ್ಣಾರೆ ನೋಡ್ಬೇಕು. ಇಳಿದ್ರೆ ಹೆಂಗಸರಿಗೂ ಡೌನು, ಇಲ್ಲ ಅಂದ್ರೆ ಮೈದಾನ."

ಲಿಂಗಮ್ಮ ಟ್ಯೂಬಿನ ತೂತು ಹುಡುಕುತ್ತಾ ತಲೆಯೆತ್ತದೆ, "ಮಾವ ಅಲ್ಲೇ ಕೂತಿರ್ತಾರೆ. ಅವರೆದುರಿಗೆ ಹೆಂಗಪ್ಪ?" ಎಂದಳು. ಆ ಮಾತಿಗೆ ಪುರುಷೋತ್ತಮನೂ ತಲೆಯಾಡಿಸಬೇಕಾಯಿತು.

ಮಾತು ಸಂಜೆಯೊಳಗೆ ಡೌನು ಇಳಿದು ಮಿಷನ್ ಮುಟ್ಟಿತು. ಚಿಕ್ಕಮುನಿಯಪ್ಪ ಮನೆಗೆ ಬಂದವರು ಕಾಲು ತೊಳೆದು, ಗೋಡೆಯ ಕಡೆ ನೋಡಿಕೊಂಡು ಹೇಳಿದರು: "ನನ್ನ ದೆಸೆಯಿಂದ ಹೆಣ್ಮಕ್ಕಳಿಗೆ ಯಾಕೆ ನಷ್ಟ? ಭಾನುವಾರ ನನ್ನ ಕಂಡು ಸೈಕಲ್ಲಿಂದ ಇಳೀಬೇಡ ಕಣಮ್ಮ, ಕೂತ್ಕಂಡೇ ಬಾ. ನಾನೇನೂ ಅಂದ್ಕಳಲ್ಲ."

ಬಾಗಿಲ ಮರೆಯಲ್ಲಿದ್ದ ಲಿಂಗಮ್ಮ "ಆಗ್ಲಿ ಮಾವ" ಎಂದಳು. ಅವರು ಉಪಕಾರ ಮಾಡಿದೆನೆಂದು ನಿಶ್ಚಿಂತೆಯಿಂದ ಉಂಡರು. ಅವಳು ತನ್ನ ಪಾಲಿನ ಮುದ್ದೆಯನ್ನು ಹಾಗೇ ಮುಚ್ಚಿಟ್ಟಳು.

ಮರುದಿನದಿಂದ ಅವಳ ಚಡಪಡಿಕೆ ಇಡೀ ಬೀದಿಗೆ ಕಾಣಿಸಿತು. ಸರಿಯಿದ್ದ ಬ್ರೇಕನ್ನು ಬಿಚ್ಚಿ ಮತ್ತೆ ಕಟ್ಟಿದಳು. ಒಬ್ಬ ಗಿರಾಕಿಗೆ ಗಾಳಿಯಿಲ್ಲದ ಸೈಕಲ್ಲು ಕೊಟ್ಟಳು, ಇನ್ನೊಬ್ಬನಿಗೆ ಬಾಡಿಗೆ ಕೇಳುವುದನ್ನೇ ಮರೆತಳು. ಅವನು ನೆನಪಿಸಲಿಲ್ಲ, ಗಿರಾಕಿಗಳು ಆ ವಿಷಯದಲ್ಲಿ ಸಂಕೋಚದವರು. ಕಡೆಗೆ ಮಾವ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಪಾಪಮ್ಮನನ್ನು ಡೌನಿಗೆ ಕರೆದುಕೊಂಡು ಹೋಗಿ, ಹಲ್ಲು ಕಚ್ಚಿ ನಿಜ ಹೇಳಿದಳು. ಪಾಪಮ್ಮನಿಗೆ ಅಂದು ಕಾರ್ಖಾನೆಗೆ ರಜೆ, ಬಾಯಿಗೆ ಮಾತ್ರ ರಜೆಯಿಲ್ಲ.

"ಅಯ್ಯೋ ಲಿಂಗಕ್ಕ! ಇಷ್ಟು ವರ್ಷ ಮರ್ಯಾದೆ ಮರ್ಯಾದೆ ಅಂತ ನಮ್ಮತ್ತೆ ನನ್ನ ತಿಂದಾಕಿದ್ದಾಳೆ ಕಣಕ್ಕ, ನಿನ್ನ ಹೆಸರು ಹೇಳಿ!"

"ನಗು ಆಮೇಲೆ ನಗಬಹುದು ಕಣೇ. ಈಗ ದಾರಿ ಹೇಳು."

ತಾನು ಬೇರೆಯವರಿಗೆ ಕಲಿಸುವ ಕ್ರಮದಲ್ಲೇ ಕಲಿಯುವುದೆಂದು ಲಿಂಗಮ್ಮ ತೀರ್ಮಾನಿಸಿದಳು. ಮೊದಲು ಮೋರಿಗೆ ಹತ್ತಿರದ ತುಣುಕು ಮಾತ್ರ. ಅದು ಬಂದ ಮೇಲೆ ಕೊರಕಲಿನ ಕೆಳಗಿನಿಂದ. ಪೆಡ್ಲು ಎರಡೂ ಒಂದೇ ಮಟ್ಟದಲ್ಲಿ, ಮೈಯ ಭಾರ ಸೀಟಿನ ಹಿಂದಕ್ಕೆ, ಮೊಣಕೈ ಸಡಿಲ. ಗಟ್ಟಿ ನೆಲದ ಮೇಲೆ ಬ್ರೇಕು, ಜಲ್ಲಿಯ ಮೇಲೆ ಬಿಟ್ಟುಬಿಡುವುದು. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಹೋಗಿ ಸೇರಬೇಕಾದ ಜಾಗದ ಮೇಲೆ. ಇಷ್ಟನ್ನೂ ಅವಳ ತಲೆ ಬೇಗ ಒಪ್ಪಿಕೊಂಡಿತು. ಆದರೂ ತಿರುವಿನ ಹತ್ತಿರ ಗಾಳಿ ಬೀಸಿದ ತಕ್ಷಣ ಹಿಂದಿನ ಗಾಲಿ ಎದ್ದು, ಸೈಕಲ್ಲು ಮುಗ್ಗರಿಸಿ, ಎರಡು ಸಲ ಅವಳು ಜಲ್ಲಿಯ ಮೇಲೆ ಕೂತಳು.

ಮೂರನೆಯ ಸಲ ಪಾಪಮ್ಮ ಎದುರಿಗೆ ನಿಂತು ನೋಡಿದಳು.

"ನಿನ್ನ ಎಡಗೈ ಎಲ್ಲೋಗುತ್ತೆ ಗೊತ್ತಾ ಅಕ್ಕ? ಸೆರಗಿಗೆ!"

ಲಿಂಗಮ್ಮ ನೆಲದ ಮೇಲೆ ಕೂತಲ್ಲೇ ಯೋಚಿಸಿದಳು. ಎಡಗೈ ಬ್ರೇಕು ಹಿಂದಿನ ಗಾಲಿಯದು, ಬಲಗೈಯದು ಮುಂದಿನದು. ಸೆರಗು ಇರುವುದು ಎಡ ಭುಜದ ಮೇಲೆ. ಗಾಳಿ ಬಂದರೆ ಎಡಗೈ ಅದನ್ನು ಹಿಡಿಯಲು ಓಡುತ್ತದೆ; ಹೆದರಿದ ಬಲಗೈ ಇನ್ನಷ್ಟು ಬಿಗಿಯಾಗಿ ಹಿಸುಕುತ್ತದೆ; ಮುಂದಿನ ಗಾಲಿ ಗಕ್ಕನೆ ನಿಂತು ಹಿಂದಿನದು ಮೇಲೇಳುತ್ತದೆ. ಮದುವೆಯ ಹೊಸದರಲ್ಲಿ ಬಿದ್ದದ್ದೂ ಹೀಗೇ. ಬಡಾವಣೆಯಲ್ಲಿ ಈ ಡೌನಿನಲ್ಲಿ ಬಿದ್ದ ಹೆಂಗಸರೆಲ್ಲ ಹೀಗೇ ಬಿದ್ದಿರಬೇಕು, ಎಲ್ಲರೂ ಜಲ್ಲಿಯನ್ನು ಬೈದಿರಬೇಕು.

ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು. ಆದರೆ ಸೆರಗು ಹಾರದಿದ್ದರೂ ಕೈ ತನ್ನ ಚಟ ಬಿಡಲಿಲ್ಲ; ಗಾಳಿ ಬಂದರೆ ಬರಿಯ ಭುಜವನ್ನಾದರೂ ಮುಟ್ಟಿ ಬರುತ್ತಿತ್ತು. ಬುದ್ಧಿ ಹೇಳಿದರೆ ಕೇಳದ ಕೈಗೆ ಬೇರೆ ಕೆಲಸ ಕೊಡಬೇಕು. ಹ್ಯಾಂಡಲ್ಲಿನ ಎಡಗಡೆ ಬೆಲ್ಲು ಇತ್ತು. "ಹೆಬ್ಬೆರಳು ಬೆಲ್ಲಿಂದ ತೆಗೀಬೇಡ. ಮೇಲಿಂದ ಕೆಳಗಿನ ತನಕ ಹೊಡೀತಾನೇ ಇರು," ಎಂದಳು ಪಾಪಮ್ಮ. ಹೆಬ್ಬೆರಳು ಬೆಲ್ಲಿನ ಮೇಲೆ, ಉಳಿದ ಬೆರಳು ಬ್ರೇಕಿನ ಮೇಲೆ. ಎಡಗೈ ಮನೆ ಬಿಟ್ಟು ಹೋಗಲಿಲ್ಲ. ಶನಿವಾರದ ಹೊತ್ತಿಗೆ ಲಿಂಗಮ್ಮ ತಿರುವು ದಾಟಿ ಇಳಿಯುತ್ತಿದ್ದಳು, ಡೌನಿನ ತಲೆಯಿಂದ ಮಾತ್ರ ಇನ್ನೂ ಇಳಿದಿರಲಿಲ್ಲ.

ಭಾನುವಾರ ಡೌನಿನ ಮೇಲೆ ಹೆಂಗಸರು, ಕೆಳಗೆ ಗಂಡಸರು. ಪುರುಷೋತ್ತಮ ಬೆಂಚಿನ ಪಕ್ಕ ನಿಂತಿದ್ದ. ಲಿಂಗಮ್ಮ ಸೀಟಿನ ಮೇಲೆ ಕೂತಳು, ಇಳಿದಳು, ಚೈನು ನೋಡಿದಳು, ಮತ್ತೆ ಕೂತಳು. "ಹೋಗ್ತೀಯೋ, ತಳ್ಳಲೋ?" ಎಂದಳು ಪಾಪಮ್ಮ.

ಹೋದಳು. ಕೊರಕಲು ಬಂತು, ಹೋಯಿತು. ತಿರುವಿನಲ್ಲಿ ಗಾಳಿ ಬಂತು, ಬೆಲ್ಲು ಬಾಯಿ ಮುಚ್ಚಲಿಲ್ಲ. ಮೋರಿಯ ಹತ್ತಿರ ಕಾಲೂರಿ ನಿಂತಾಗ ಮೇಲಿನಿಂದ ಕೂಗು ಎದ್ದಿತು. ಲಿಂಗಮ್ಮ ಹೆಮ್ಮೆಯಿಂದ ತಿರುಗಿ ನೋಡಿದರೆ ಕಂಡಿದ್ದು ಎರಡು ಬೆನ್ನು.

ಸೊಸೆಗೆ ಸಂಕೋಚವಾಗದಿರಲೆಂದು ಚಿಕ್ಕಮುನಿಯಪ್ಪ ಬೆಂಚಿನ ಮೇಲೆ ತಿರುಗಿ ಕೂತಿದ್ದರು. ತಾವೊಬ್ಬರೇ ತಿರುಗಿದರೆ ಸಾಲದೆಂದು ಪುರುಷೋತ್ತಮನನ್ನೂ ಭುಜ ಹಿಡಿದು ತಿರುಗಿಸಿ, ರಾಜ್ಯೋತ್ಸವದ ಶಾಮಿಯಾನಾಕ್ಕೆ ಗೂಟ ಎಲ್ಲಿ ಹೊಡೆಯಬೇಕೆಂದು ತೋರಿಸುತ್ತಿದ್ದರು.

"ಇಳಿದಾಯ್ತಾ?" ಎಂದು ಪುರುಷೋತ್ತಮ ಗಾಬರಿಯಾಗಿ ತಿರುಗಿದ. "ಬೆಲ್ಲು ಕೇಳಿಸ್ತು, ಐಸ್ ಕ್ಯಾಂಡಿಯವನು ಅಂದ್ಕೊಂಡೆ. ನಾನ್ ನೋಡ್ಲಿಲ್ಲ ಅಕ್ಕ. ನೋಡ್ದೆ ಹೆಂಗೆ ಹೂಂ ಅನ್ಲಿ?"

"ಅವನದೇನೂ ತಪ್ಪಿಲ್ಲ ಕಣಮ್ಮ," ಎಂದರು ಮಾವ ಇನ್ನೂ ಗೂಟದ ಕಡೆಗೇ ನೋಡುತ್ತಾ. "ನಾನೇ ತಿರುಗಿಸಿದ್ದು. ಮನೆ ಹೆಣ್ಣುಮಗಳು ಬರುವಾಗ ಕಣ್ ಕಣ್ ಬಿಟ್ಟು ನೋಡ್ತಾರಾ?"

ಲಿಂಗಮ್ಮನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸುರಿಸಿದ ಬೆವರೆಲ್ಲ ದಂಡ. ಸೈಕಲ್ಲು ತಿರುಗಿಸಿಕೊಂಡು ಡೌನು ಹತ್ತತೊಡಗಿದವಳು, ನಾಲ್ಕು ಹೆಜ್ಜೆ ಹೋಗಿ ನಿಂತಳು. ಅದುವರೆಗೆ ಎಂದಾದರೂ ಮಾವನ ಎದುರು ನಿಂತು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

"ಮಾವ," ಎಂದಳು, "ಈ ಸಲ ಈ ಕಡೆ ತಿರುಗಿ ಕೂತ್ಕಳ್ಳಿ. ನನ್ನೇ ನೋಡ್ಬೇಕು ನೀವು. ಅವರಿಗೂ ನೋಡಕ್ಕೆ ಬಿಡಿ."

ಮಿಷನ್ನಿನವನು ಬೆಲ್ಟು ನಿಲ್ಲಿಸಿದ. ಚಿಕ್ಕಮುನಿಯಪ್ಪ ಟವೆಲ್ಲು ಕೊಡವಿದರು, ಹೆಗಲು ಬದಲಿಸಿದರು, ಕೊನೆಗೆ ಒಂದೊಂದೇ ಕಾಲು ಎತ್ತಿಟ್ಟು ಬೆಂಚಿನ ಮೇಲೆ ಇತ್ತ ತಿರುಗಿ ಕೂತರು.

ಎರಡನೆಯ ಸಲ ಭಯ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದು ಸುಳ್ಳು. ಈಗ ಕೆಳಗೆ ಕಣ್ಣುಗಳಿದ್ದವು. ಕೊರಕಲಿನ ಹತ್ತಿರ ಜಲ್ಲಿ ಸರಿದು ಹಿಂದಿನ ಗಾಲಿ ಅಡ್ಡ ಹಾಯಿತು. ಎಡಗೈ ಒಂದು ಕ್ಷಣ ಮೇಲೆದ್ದಿತು, ಬೆಲ್ಲು ನಿಂತಿತು. ಮೇಲೆ ಯಾರೋ ಉಸಿರೆಳೆದರು. ಕೈ ಮತ್ತೆ ಬಂದು ಕೂತಿತು. ತಿರುವು ದಾಟಿದೊಡನೆ ಮಾವನ ಮುಖ ನೇರ ಎದುರಿಗೆ. ಅವಳ ಮೈಯೆಲ್ಲ ಇಳಿ ಇಳಿ ಎಂದಿತು. ಒಂದು ಕಾಲು ಪೆಡ್ಲಿನಿಂದ ಏಳಲೂ ನೋಡಿತು. ಲಿಂಗಮ್ಮ ಅವರ ಕಣ್ಣನ್ನೇ ನೋಡಿಕೊಂಡು, ಬೆಲ್ಲು ಹೊಡೆಯುತ್ತಾ, ಕೂತಂತೆಯೇ ಮಾವನ ಮುಂದೆ ಹಾಯ್ದು ಮೋರಿಯ ಕಟ್ಟೆಗೆ ಕಾಲು ಕೊಟ್ಟು ನಿಂತಳು.

"ನೋಡ್ದೆ," ಎಂದ ಪುರುಷೋತ್ತಮ. "ಹೆಂಗಸರಿಗೂ ಡೌನು. ಬೆಲ್ಲು ಮಾತ್ರ ಸ್ವಲ್ಪ ಕಡಿಮೆ ಹೊಡೀರಿ, ನನ್ನ ಮೈಕು ಕೇಳಿಸಲ್ಲ."

ಚಿಕ್ಕಮುನಿಯಪ್ಪ ಎದ್ದು ಬಂದು ಸೈಕಲ್ಲಿನ ಪಕ್ಕ ನಿಂತರು. "ಇನ್ನ ಇಳಿಯಮ್ಮ," ಎಂದರು.

"ಆಗ್ತಾ ಇಲ್ಲ ಮಾವ. ಕಾಲು ನಡುಗ್ತಾ ಇದೆ."

"ಹಂಗಾರೆ ಕೂತಿರು."

ಅಷ್ಟರಲ್ಲಿ ಮೇಲಿನಿಂದ ಪಾಪಮ್ಮ ಹೊರಟಿದ್ದಳು, ಅವಳ ಹಿಂದೆ ಇನ್ನಿಬ್ಬರು ಸೀಟು ಹತ್ತಿದ್ದರು. ಚಿಕ್ಕಮುನಿಯಪ್ಪ ಒಮ್ಮೆ ಡೌನು ನೋಡಿದರು, ಒಮ್ಮೆ ತಮ್ಮ ಬೆಂಚು ನೋಡಿದರು. ಆಮೇಲೆ, "ಹಿಡ್ಕಳಪ್ಪ ಆ ತುದಿ, ಇನ್ಮೇಲೆ ಈ ಸೈಕಲ್ಲುಗಳ ದಾರೀಲಿ ಕೂತ್ರೆ ನನ್ನ ಮಂಡಿ ಉಳಿಯಲ್ಲ," ಎಂದು ಪುರುಷೋತ್ತಮನನ್ನು ಕರೆದು ಬೆಂಚನ್ನು ಮೋರಿಯ ಆಚೆಗೆ ಎತ್ತಿಸತೊಡಗಿದರು.