ಸಿಸ್ಟರಕ್ಕ ಕೇಳಿದ ಕೆಮ್ಮು

ನಾಯಿಯ ಎದೆಗೆ ಎಡಗಿವಿ ಒತ್ತಿ ಅವರು ಕಣ್ಣು ಮುಚ್ಚಿದರೆ ಮೂಗಿನ ತುದಿಯ ಬೆವರಹನಿ ಕೂಡ ಜಾರದೆ ನಿಂತುಬಿಡುತ್ತಿತ್ತು. ಮೊಣಕಾಲೂರಿ, ನರೆತ ತುರುಬು ನಾಯಿಯ ಹೊಟ್ಟೆಗೆ ತಾಗುವಂತೆ ಬಾಗಿ, ಎಷ್ಟೋ ಹೊತ್ತು ಹಾಗೆಯೇ ಇರುತ್ತಿದ್ದರು. ನಾಯಿಯೂ ಬಾಲ ಆಡಿಸುವುದನ್ನು ಮರೆಯುತ್ತಿತ್ತು.

ಕ್ಷಯರೋಗಿಗಳ ವಾರ್ಡಿನಲ್ಲಿ ಬಹುಕಾಲ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಶಕ್ತಿನಗರದ ತಮ್ಮ ಮನೆಯಲ್ಲಿ, ಪರವೂರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ನಮಗೆಲ್ಲ ಅವರು ಸಿಸ್ಟರಕ್ಕ.

ಮಧ್ಯಾಹ್ನ ಅಲ್ಲಿಗೆ ಹೋದರೆ ನೀಲಿ ಪರದೆಯಲ್ಲಿ ಸೋಸಿ ಬರುವ ಬೆಳಕಿನಡಿ ನಾಲ್ಕೈದು ನಾಯಿಗಳು ಮಲಗಿರುತ್ತಿದ್ದವು. ಅವುಗಳ ಉಸಿರೆಲ್ಲ ಒಂದಾಗಿ, ಮನೆಯೇ ನೀರಿನ ಮೇಲಿರುವ ಹಾಗೆ ಮೆಲ್ಲಗೆ ಏರಿ ಇಳಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಕುರ್ಚಿಯಲ್ಲಿ ಕುಳಿತ ನನಗೂ ಜೊಂಪು ಹತ್ತುತ್ತಿತ್ತು.

ಬಾಗಿಲಲ್ಲಿ ಮಾತ್ರ ಅವರು ಖಡಕ್. ಮೊದಲ ಸಲ ನನ್ನ ನಾಯಿ ಬೊಗ್ಗುವನ್ನು ಕರೆದೊಯ್ದಾಗ ಒಳಗೇ ಬಿಡಲಿಲ್ಲ. “ಕೆಮ್ಮು ಬಾರದ ಹಾಗಿನ ಇಂಜೆಕ್ಷನ್ ನಿನ್ನೆ ಹಾಕಿಸಿದ್ದಾ? ಅದು ಕೆಲಸ ಮಾಡ್ಲಿಕ್ಕೆ ದಿನ ಬೇಡ್ವಾ ಟೀಚರ್? ಎರಡು ವಾರ ಬಿಟ್ಟು ಬನ್ನಿ.” ಕೋಪದಿಂದ ಮರಳಿದ್ದೆ. ಆಮೇಲೆ ಅವರ ಮನೆಯ ಕ್ರಮ ತಿಳಿಯಿತು. ಒಂದರ ಬಟ್ಟಲು ಇನ್ನೊಂದಕ್ಕಿಲ್ಲ, ಹೊಸದಾಗಿ ಬಂದದ್ದನ್ನು ಎದೆ ಕೇಳದೆ ಉಳಿದವುಗಳ ಜೊತೆ ಬಿಡುವುದಿಲ್ಲ.

ಒಂದು ಬೆಳಿಗ್ಗೆ ಅಮ್ಮ ಕಾರ್ಕಳದಲ್ಲಿ ಆಸ್ಪತ್ರೆ ಸೇರಿದಳೆಂದು ಫೋನ್ ಬಂತು. ಅದೇ ಬೆಳಿಗ್ಗೆ ಬೊಗ್ಗು ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಎರಡು ಸಲ ಕೆಮ್ಮಿದ್ದ. ಅವನನ್ನು ಕರೆದುಕೊಂಡು ಅಳುತ್ತಲೇ ಸಿಸ್ಟರಕ್ಕನ ಬಾಗಿಲಿಗೆ ಹೋದೆ.

“ಕೆಮ್ಮು ಉಂಟಾ?”

“ಇಲ್ಲ,” ಎಂದೆ.

ಅವರು ನನ್ನ ಮುಖ ನೋಡಿ, ಹಗ್ಗ ತೆಗೆದುಕೊಂಡು, “ನೀವು ಹೋಗಿ ಮಾರಾಯ್ರೆ, ಅಮ್ಮನನ್ನು ನೋಡಿ” ಎಂದರು.

ಮೂರನೆಯ ದಿನ ಅವರದೇ ಫೋನ್. “ಬೊಗ್ಗು ಕೆಮ್ತಾ ಇದ್ದಾನೆ. ನನ್ನ ರೂಮಿನಲ್ಲಿ ಬೇರೆ ಇಟ್ಟಿದ್ದೇನೆ. ಹೆದರ್ಬೇಡಿ.” ಉಳಿದ ನಾಯಿಗಳ ಮನೆಯವರಿಗೂ ಅವರೇ ಫೋನ್ ಮಾಡಿ, ಮುಚ್ಚಿಡದೆ ತಿಳಿಸಿದ್ದರು. ಬೊಗ್ಗುವಿನ ಬಳಿ ಹೋಗಿ ಬಂದಾಗಲೆಲ್ಲ ಸ್ನಾನ ಮಾಡಿ ಬಟ್ಟೆ ಬದಲಿಸುತ್ತಿದ್ದರಂತೆ. ಆದರೆ ಮೊದಲ ಎರಡು ದಿನ ಬೊಗ್ಗು, ಅವರ ಸ್ವಂತದ ಕುರುಡು ಮುದಿ ನಾಯಿಗೆ ಒತ್ತಿಕೊಂಡೇ ಮಲಗಿದ್ದ. ಉಳಿದವು ಪಾರಾದವು. ಬೊಗ್ಗುವೂ ಗುಣವಾದ. ಮುದಿ ನಾಯಿಗೆ ಮಾತ್ರ ಕೆಮ್ಮು ಶ್ವಾಸಕೋಶಕ್ಕೇ ಇಳಿಯಿತು. ನಾನು ಮರಳುವಷ್ಟರಲ್ಲಿ ಹಿತ್ತಲಲ್ಲಿ ಹೊಸ ಮಣ್ಣಿನ ದಿಬ್ಬವಿತ್ತು.

“ನಾನು ಸುಳ್ಳು ಹೇಳಿದೆ, ಸಿಸ್ಟರಕ್ಕ.”

ಅವರು ಬಗ್ಗಿ ದಿಬ್ಬದ ಮೇಲಿನ ಒಣ ಎಲೆ ತೆಗೆದರು. “ಆವತ್ತು ನಾನೂ ಎದೆ ಕೇಳ್ಲಿಲ್ಲ. ನೀವು ಅಳ್ತಾ ಇದ್ರಿ. ಹೇಳಿದ್ರೆ ನಾನೇನು ವಾಪಸ್ ಕಳಿಸ್ತಿರಲಿಲ್ಲ ಟೀಚರ್. ಮೊದಲ ದಿನವೇ ಬೇರೆ ಇಡ್ತಿದ್ದೆ, ಅಷ್ಟೇ.”

ಬೈದಿದ್ದರೆ ಮರೆಯುತ್ತಿದ್ದೆನೇನೋ.

ಹೋದ ವರ್ಷ ಅವರಿಗೇ ಉಸಿರಾಟದ ತೊಂದರೆ ಶುರುವಾಯಿತು. ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಗೇಟಿಗೆ ಕೈಯಿಟ್ಟಾಗ ಗಂಟಲು ಕೆರೆಯಿತು. ಕಿಟಕಿಯ ಆಚೆ ಅವರು ದಿಂಬಿಗೊರಗಿ ಕುಳಿತಿದ್ದರು. ಹತ್ತು ಹೆಜ್ಜೆ ನಡೆದರೆ ಕೈ ಹಿಡಿಯಬಹುದಿತ್ತು.

“ಸಿಸ್ಟರಕ್ಕ, ನನಗೆ ಶೀತ ಉಂಟು,” ಗೇಟಿನ ಹೊರಗಿನಿಂದಲೇ ಕೂಗಿದೆ.

ಅವರು ನಕ್ಕರು. “ಹಾಗಾದ್ರೆ ಅಲ್ಲೇ ನಿಂತು ಮಾತಾಡಿ.”

ಸಂಜೆಯ ಗಾಳಿ ಸಮುದ್ರದ ಕಡೆಯಿಂದ ಏರಿ ಬರುತ್ತಿತ್ತು. ನಮ್ಮ ಅರ್ಧ ಮಾತುಗಳನ್ನು ಅದೇ ಒಯ್ದಿತು. ಬೊಗ್ಗು ಊಟ ಮಾಡುತ್ತಾನಾ, ಅಮ್ಮ ಹೇಗಿದ್ದಾರೆ, ಅವರು ಅಷ್ಟೇ ಕೇಳಿದ ನೆನಪು. ಕತ್ತಲಾಗುವ ಮೊದಲು ಹೊರಟೆ.

ಶೀತ ಬಿಟ್ಟ ಮೇಲೆ ಬರುತ್ತೇನೆ ಎಂದಿದ್ದೆ. ಅದು ಬಿಡುವ ಮೊದಲೇ ಅವರು ಹೋದರು. ಅವರ ಕೈ ಹಿಡಿಯಲಾಗಲಿಲ್ಲ ಎಂಬ ಸಂಕಟ ಇಂದಿಗೂ ಇದೆ. ಗೇಟಿನ ಹೊರಗೆ ನಿಂತದ್ದಕ್ಕೆ ಪಶ್ಚಾತ್ತಾಪವಿಲ್ಲ.