ಬೇಗ ಮುಗಿಸಿಬಿಟ್ಟ ಬೈಕು

ಮೂರು ವಾರದ ಹಿಂದಿನ ಶನಿವಾರ. ಮಧ್ಯಾಹ್ನ ಎರಡು ಗಂಟೆ. ಗ್ಯಾರೇಜಿನ ಬಾಗಿಲೆತ್ತಿದೆ, ಪೆಟ್ರೋಲ್ ಬಿಟ್ಟೆ, ಒಂದೇ ಒಂದು ಕಿಕ್ ಹೊಡೆದೆ. ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ ಬೈಕು ಎದ್ದು ಗುಡುಗಿತು.

ಪಕ್ಕದಲ್ಲಿ ಬರ್ಟಿಲ್ ನಿಂತಿದ್ದರು. ನಮ್ಮ ಬಿಲ್ಡಿಂಗಿನ ಕೆಳಮನೆಯವರು. ಎಪ್ಪತ್ತನಾಲ್ಕು ವರ್ಷ, ರಿಟೈರ್ಡ್ ಲೇತ್ ಆಪರೇಟರ್, ಆ ಗ್ಯಾರೇಜಿನ ಯಜಮಾನರು. ಶಹಬ್ಬಾಸ್ ಅನ್ನುತ್ತಾರೆ ಎಂದು ಅವರ ಮುಖ ನೋಡಿದೆ. ಕೊನೆಗೆ "ಯಾಹಾ" ಅಂದು ಮನೆಗೆ ಹೋದರು. ಅವತ್ತಿನಿಂದ ಗ್ಯಾರೇಜಿಗೆ ಬಂದಿಲ್ಲ.

(ಯಾಹಾ ಅಂದರೆ ಸ್ವೀಡನ್ನಿನಲ್ಲಿ "ಹೌದಾ", "ಸರಿ", "ಓಹೋ", "ಆಯಿತು ಬಿಡು" ಎಲ್ಲವೂ. ಯಾವಾಗ ಯಾವುದು ಅಂತ ಪತ್ತೆ ಹಚ್ಚಲು ನನಗೆ ನಾಲ್ಕು ವರ್ಷ ಸಾಲಲಿಲ್ಲ.)

ನಾನು ಎಲ್ಲಿ ಎಡವಿದೆ? ಮೊದಲಿನಿಂದ ಹೇಳುತ್ತೇನೆ, ಕೇಳಿ.

ಕಳೆದ ಆಗಸ್ಟಿನಲ್ಲಿ ನನ್ನ ಹೆಂಡತಿ ಶಾಹಿದಾಳ ಸಂಬಳವಿಲ್ಲದ ರಜೆ ಮುಗಿಯಿತು. ಸರ್ಕಾರಿ ಹೈಸ್ಕೂಲಿನ ಟೀಚರ್ ಕೆಲಸ, ಬಿಡೋಕಾಗುತ್ತಾ? ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದಳು. ಸ್ವೀಡನ್ನಿನ ವೆಸ್ಟೆರಾಸ್‌ನ ಎರಡು ರೂಮಿನ ಮನೆಯಲ್ಲಿ ನಾನೊಬ್ಬನೇ ಉಳಿದೆ. ಬಾಗಿಲ ಹಿಂದೆ ಮಗಳ ಹಳದಿ ಸ್ನೋ ಬೂಟು. ಮುಂದಿನ ಚಳಿಗೆ ಅದು ಅವಳ ಕಾಲಿಗೆ ಹಿಡಿಯುವುದಿಲ್ಲ. ಆದರೂ ಎತ್ತಿಡಲಿಲ್ಲ.

ಒಂಟಿತನ ಅಂದರೆ ಏನೋ ದೊಡ್ಡ ವಿಷಯ ಅಂದುಕೊಂಡಿದ್ದೆ. ಅಲ್ಲ, ಅದು ಗಂಟಲಿನ ಸಮಸ್ಯೆ. ಶುಕ್ರವಾರ ಸಂಜೆ ಆಫೀಸಿನಲ್ಲಿ "ಹ್ಯಾವ್ ಎ ನೈಸ್ ವೀಕೆಂಡ್" ಅಂದೆನೆಂದರೆ ಆಮೇಲೆ ಬಾಯಿಗೆ ಕೆಲಸವೇ ಇಲ್ಲ. ಭಾನುವಾರ ಸಂಜೆ ಕಾಲಿಂಗ್ ಕಾರ್ಡ್ ಗೀಚಿ ಮೈಸೂರಿಗೆ ಫೋನ್ ಮಾಡಿದರೆ ದನಿಯೇ ಹೊರಡುತ್ತಿರಲಿಲ್ಲ. "ಶೀತ ಆಗಿದ್ಯಾ?" ಅನ್ನುತ್ತಿದ್ದಳು ಶಾಹಿದಾ. ಹೂಂ ಅನ್ನುತ್ತಿದ್ದೆ. ಇನ್ನೇನು ಹೇಳೋದು?

ಅಂಥ ಹೊತ್ತಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಎಪ್ಪತ್ತರ ದಶಕದ ಜೆಕ್ ಬೈಕು, ಓಡುವುದಿಲ್ಲ, ಮಾರಾಟಕ್ಕಿದೆ. ಹೆಸರು ಬರೆದರೆ ಪುಕ್ಕಟೆ ಪ್ರಚಾರವಾಗುತ್ತದೆ. ಮೈಸೂರಿನವರಿಗೆ ಇಷ್ಟು ಸಾಕು: ಕಿಕ್ಕರೂ ಅದೇ ಲಿವರ್, ಗೇರೂ ಅದೇ ಲಿವರ್. ಈಗ ಗೊತ್ತಾಯಿತಲ್ಲ? ಇಂಜಿನಿಯರ್ ಅನ್ನಿಸಿಕೊಳ್ಳುವ ಮೊದಲು, ಐಟಿಐ ಮುಗಿಸಿ ಮೈಸೂರಿನ ಮಂಡಿ ಮೊಹಲ್ಲಾದ ಗ್ಯಾರೇಜಿನಲ್ಲಿ ಮೂರು ವರ್ಷ ನಾನು ಬಿಚ್ಚಿ ಕಟ್ಟಿದ್ದು ಅದೇ ಬೈಕನ್ನು. ಹಗಲು ಗ್ರೀಸು, ಸಂಜೆ ಡಿಪ್ಲೊಮಾ ಕ್ಲಾಸು.

ಜಾಹೀರಾತಿನ ಕೊನೆಯ ಸಾಲು ಮಾತ್ರ ನನ್ನನ್ನು ಕೆರಳಿಸಿತು. "ಚೌಕಾಸಿ ಮುಗಿದಿದೆ." ಯಾರು ಮುಗಿಸಿದರು? ನಾನಿನ್ನೂ ಶುರುವೇ ಮಾಡಿಲ್ಲವಲ್ಲ?

ಬಸ್ಸು ಹತ್ತಿ, ಇಳಿದು, ಎರಡು ಕಿಲೋಮೀಟರ್ ನಡೆದು ಆ ರೈತನ ಕೊಟ್ಟಿಗೆಗೆ ಹೋದೆ. ನಮ್ಮಲ್ಲಿ ವ್ಯಾಪಾರ ಹೇಗೆ? ಕೊಳ್ಳುವವನು ದೋಷ ಎತ್ತಬೇಕು, ಮಾರುವವನು ಮಕ್ಕಳ ಮೇಲೆ ಆಣೆ ಹಾಕಬೇಕು. ಪಿಸ್ಟನ್ ಹಿಡಿದುಕೊಂಡಿದೆ ಅಂದೆ. ಹೌದು ಅಂದ. ಟ್ಯಾಂಕಿನೊಳಗೆ ತುಕ್ಕು ಅಂದೆ. ಹೌದು, ಕ್ಲಚ್ಚೂ ಹೋಗಿದೆ, ಅದನ್ನು ನೀನು ನೋಡಲಿಲ್ಲ ಅಂದ. ಇಂಥವನ ಹತ್ತಿರ ಏನು ಚೌಕಾಸಿ ಮಾಡುತ್ತೀರಿ? ಹೇಳಿದ ರೇಟಿಗೇ ಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ.

ಹಾಗಂತ ಬರಿಗೈಲಿ ಬರುವ ಜಾಯಮಾನ ನನ್ನದಲ್ಲ. ಮನೆಗೆ ತಂದುಬಿಡುತ್ತೀಯಾ ಅಂತ ಕೇಳಿದೆ. ತಕ್ಷಣ ಟ್ರೇಲರ್ ಜೋಡಿಸಿದ. ಜೊತೆಗೆ ಒಂದು ಪೆಟ್ಟಿಗೆ ತುಕ್ಕು ಹಿಡಿದ ಬಿಡಿಭಾಗ. (ಬರೆದಿಟ್ಟುಕೊಳ್ಳಿ: ಈ ದೇಶದಲ್ಲಿ ರೇಟು ಇಳಿಸಿ ಅಂದರೆ ಮುಖ ತಿರುಗಿಸುತ್ತಾರೆ, ಸಹಾಯ ಮಾಡಿ ಅಂದರೆ ಇಲ್ಲ ಅನ್ನುವುದಿಲ್ಲ. ಮೊದಲೇ ತಿಳಿದಿದ್ದರೆ ಎಷ್ಟೋ ಉಳಿಸಬಹುದಿತ್ತು.)

ಬೈಕು ಇಳಿಸಿದ್ದು ಬಿಲ್ಡಿಂಗಿನ ಹಿಂದಿನ ಗ್ಯಾರೇಜ್ ಸಾಲಿನ ಮುಂದೆ. ಬರ್ಟಿಲ್ ಎಲೆ ಗುಡಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದಿದ್ದ ಸಂಭಾಷಣೆ ಒಂದೇ: ಹೇಯ್, ಅಂದರೆ ಇಲ್ಲಿನವರ ನಮಸ್ಕಾರ. ಅವತ್ತು ಪೊರಕೆ ಗೋಡೆಗೊರಗಿಸಿ ಬೈಕಿನ ಸುತ್ತ ಎರಡು ಸುತ್ತು ಬಂದರು. ಕಾರು ಮಾರಿದ್ದೇನೆ, ಗ್ಯಾರೇಜು ಖಾಲಿ ಇದೆ ಅಂದರು.

ಇಂಥ ವಿಷಯ ಮೊದಲೇ ಇತ್ಯರ್ಥವಾಗಬೇಕು. ಬಾಡಿಗೆ ಎಷ್ಟು ಅಂತ ಕೇಳಿದೆ.

"ಬಾಡಿಗೆ ಬೇಡ. ಶನಿವಾರ ಎರಡು ಗಂಟೆಗೆ ಬಾ."

"ಬೇರೆ ದಿನ ಬರಬಹುದಾ?"

"ಶನಿವಾರ ಎರಡು ಗಂಟೆಗೆ."

ಪುಕ್ಕಟೆ ಜಾಗ, ಒಂದೇ ಒಂದು ಕಂಡಿಷನ್. ಒಪ್ಪಿಕೊಂಡೆ. ಕಂಡಿಷನ್ನನ್ನು ಆಮೇಲೆ ಸಡಿಲಿಸಿದರಾಯಿತು ಅಂದುಕೊಂಡೆ.

ಬಜೆಟ್ಟು ಕೇಳಬೇಡಿ. ಬಾಡಿಗೆ, ಊರಿಗೆ ಕಳಿಸುವುದು ಎಲ್ಲ ಕಳೆದು ಕೈಯಲ್ಲಿ ಉಳಿಯುತ್ತಿದ್ದುದು ತಿಂಗಳಿಗೆ ನಾಲ್ಕು ಪಿಜ್ಜಾದಷ್ಟು. ಆದರೆ ತಲೆ ಇದ್ದರೆ ದುಡ್ಡು ಯಾಕೆ? ಟ್ಯಾಂಕಿನ ತುಕ್ಕಿಗೆ ಅಂಗಡಿಯ ಕೆಮಿಕಲ್ ಬೇಡ. ವಿನೆಗರ್ ತುಂಬಿ, ಹಿಡಿ ಹಳೆಯ ನಟ್ಟು ಹಾಕಿ, ಟಿವಿ ನೋಡುತ್ತಾ ಕುಲುಕಿ. ಸೀಟಿಗೆ ಹೊಸ ರೆಕ್ಸಿನ್ ಬೇಡ. ಬಿಲ್ಡಿಂಗಿನ ಕಸದ ಕೋಣೆಯಲ್ಲಿ ಯಾರೋ ಚರ್ಮದ ಸೋಫಾ ಬಿಸಾಕಿದ್ದರು, ಅದರ ಬೆನ್ನು ಕತ್ತರಿಸಿಕೊಂಡು ಬಂದೆ. ಹೊಲಿದಿದ್ದು ನಾನೇ. ಹ್ಯಾಂಡಲ್ ಬಾರ್ ತಗ್ಗಿಸಬೇಕು, ಮಡ್‌ಗಾರ್ಡ್ ಗಿಡ್ಡ ಮಾಡಬೇಕು, ಮೈಯೆಲ್ಲ ಕಪ್ಪು ಹೊಡೆಯಬೇಕು ಅಂತ ನನ್ನ ಪ್ಲಾನು. ಬರ್ಟಿಲ್‌ಗೆ ಎಲ್ಲ ಕಂಪನಿಯಿಂದ ಬಂದಾಗ ಇದ್ದಂತೆಯೇ ಇರಬೇಕು. ಹ್ಯಾಂಡಲ್ ಬಾರಿನ ಮೇಲೆ ಎರಡು ಶನಿವಾರ ವಾದ ನಡೆಯಿತು. ವಾದ ಅಂದರೆ, ನಾನು ಮಾತಾಡುತ್ತಿದ್ದೆ, ಅವರು ತಲೆ ಅಲ್ಲಾಡಿಸುತ್ತಿದ್ದರು.

ಅವರ ಕೆಲಸದ ಸ್ಪೀಡು ನೋಡಿದ್ದರೆ ಮಂಡಿ ಮೊಹಲ್ಲಾದಲ್ಲಿ ನಗುತ್ತಿದ್ದರು. ಹಿಡಿದುಕೊಂಡ ಬೋಲ್ಟಿಗೆ ನಾವು ಉಳಿ ಇಟ್ಟು ಸುತ್ತಿಗೆಯಲ್ಲಿ ಎರಡು ಕೊಡುತ್ತೇವೆ. ಬರ್ಟಿಲ್ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದರು. "ಮುಂದಿನ ವಾರ ನೋಡೋಣ" ಅನ್ನುತ್ತಿದ್ದರು. ಇದಕ್ಕೆ ಎರಡು ಚಳಿಗಾಲ ಬೇಕು ಅಂತಲೂ ಹೇಳಿದ್ದರು. ಬಿಚ್ಚಿದ ಒಂದೊಂದು ನಟ್ಟೂ ಜಾಮಿನ ಬಾಟಲಿಗೆ ಹೋಗುತ್ತಿತ್ತು, ಮೇಲೊಂದು ಚೀಟಿ, ಚೀಟಿಯ ಮೇಲೆ ತಾರೀಕು. ಮೂರು ಗಂಟೆ ಅಂದರೆ ಮೂರು ಗಂಟೆಗೆ ಫೀಕಾ, ಇಲ್ಲಿನವರ ಕಾಫಿ ಬಿಡುವು. ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು. ನಾನು ಹಂದಿ ತಿನ್ನುವುದಿಲ್ಲ ಅಂತ ಗೊತ್ತಾದ ವಾರವೇ ಬೇಕರಿಗೆ ಹೋಗಿ, ಬನ್ನಿಗೆ ಹಾಕುವ ಕೊಬ್ಬು ಯಾವುದು ಅಂತ ವಿಚಾರಿಸಿಕೊಂಡು ಬಂದಿದ್ದರು. ಅದನ್ನು ನನಗೆ ಹೇಳಿದ್ದು ತಿಂಗಳ ನಂತರ, ಮಾತಿನ ಮಧ್ಯೆ.

ಮಾತೂ ಹೆಚ್ಚಿರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು ಅಂದಿದ್ದರು ಒಮ್ಮೆ. ನಾನು ಮಗಳ ಫೋಟೋ ತೋರಿಸಿದ್ದೆ ಒಮ್ಮೆ. ಅಷ್ಟೇ. ಆದರೆ ಆ ಚಳಿಗಾಲವಿಡೀ ಭಾನುವಾರ ಫೋನ್ ಮಾಡಿದಾಗ ಶಾಹಿದಾ ಶೀತದ ಬಗ್ಗೆ ಕೇಳಲೇ ಇಲ್ಲ. ಇದು ನನ್ನ ತಲೆಗೆ ಹೊಳೆದಿದ್ದು ಈಗ.

ಮಾರ್ಚಿನಲ್ಲಿ ಬರ್ಟಿಲ್‌ಗೆ ಕಣ್ಣಿನ ಆಪರೇಶನ್. ಆಮೇಲೆ ಕಾರ್ಲ್‌ಸ್ಟಾಡ್‌ನ ತಂಗಿಯ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುವುದು. ಹೊರಡುವಾಗ ನನ್ನ ಕೈಗೆ ಗ್ಯಾರೇಜಿನ ಕೀ ಕೊಟ್ಟರು. ಸಿಲಿಂಡರಿನ ನಟ್ಟಿಗೆ ದಿನ ಬಿಟ್ಟು ದಿನ ಎಣ್ಣೆ ಬಿಡು ಅಂದರು. ಅಷ್ಟೇ ಹೇಳಿದ್ದು.

ಅದೇ ವಾರ ಹರೀಶ್ ಬೆಂಗಳೂರಿನಿಂದ ವಾಪಸ್ ಬಂದ. ನಮ್ಮ ಕಡೆಯ ಐಟಿ ಹುಡುಗ, ಇಲ್ಲಿ ಎರಡು ಬಸ್ ಸ್ಟಾಪ್ ಆಚೆ ಇರುತ್ತಾನೆ. ಅವನ ಕೈಲಿ ಲಿಸ್ಟು ಕೊಟ್ಟು ಕಳಿಸಿದ್ದೆ. ಸ್ವೀಡನ್ನಿನಲ್ಲಿ ಕೈಗೆಟುಕದ ರೇಟಿನ ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ಕೇಬಲ್ಲು, ಹೆಡ್‌ಲೈಟು ಎಲ್ಲ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇವತ್ತಿಗೂ ಸಿಗುತ್ತವೆ. ಸೂಟ್‌ಕೇಸ್ ತೆರೆದರೆ ಸಾರಿನ ಪುಡಿಯ ಪ್ಯಾಕೆಟ್ ಒಡೆದು ಕ್ಲಚ್ ಪ್ಲೇಟಿನ ಮೇಲೆಲ್ಲ ಹರಡಿತ್ತು. "ಭಾಯ್, ಅಮ್ಮ ಬೈತಿದ್ದಾರೆ. ಪುಡಿ ಹೋಯ್ತು ಅಂತಲ್ಲ, ಮಗ ಇಷ್ಟು ಓದಿ ಗುಜರಿ ಹೊರ್ತಾನಲ್ಲ ಅಂತ," ಅಂದ.

ಕೀ ಜೇಬಿನಲ್ಲಿದೆ. ಪಾರ್ಟ್ಸ್ ಕೈಯಲ್ಲಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹದಿನೇಳು ದಿನ. ಆಫೀಸ್ ಬಿಟ್ಟ ಮೇಲೆ ನೇರ ಗ್ಯಾರೇಜಿಗೆ. ಎಣ್ಣೆ ಕುಡಿಯುತ್ತಾ ಕೂತಿದ್ದ ಸಿಲಿಂಡರಿನ ನಟ್ಟಿಗೆ ಉಳಿ ಇಟ್ಟು ಎರಡು ಕೊಟ್ಟೆ. ಬಂತು. ಪಿಸ್ಟನ್ ಕೂರಿಸಿದೆ, ಕ್ಲಚ್ ಹಾಕಿದೆ, ಹ್ಯಾಂಡಲ್ ತಗ್ಗಿಸಿದೆ, ಕಪ್ಪು ಹೊಡೆದೆ. ಜಾಮಿನ ಬಾಟಲಿಗಳನ್ನೆಲ್ಲ ಖಾಲಿ ಮಾಡಿ, ತೊಳೆದು, ಶೆಲ್ಫಿನಲ್ಲಿ ಸಾಲಾಗಿ ಬೋರಲು ಹಾಕಿದೆ. ಬರ್ಟಿಲ್‌ಗೆ ಸರ್‌ಪ್ರೈಸ್ ಕೊಡಬೇಕು ಅಂತ. ನಿಜಕ್ಕೂ ಅದೇ ಆಸೆ. ಎರಡು ಚಳಿಗಾಲ ಬೇಕಾಗುತ್ತದೆ ಅಂದಿದ್ದರಲ್ಲ, ನೋಡಲಿ ಅಂತಲೂ ಸ್ವಲ್ಪ.

ಶನಿವಾರ ಎರಡಕ್ಕೆ ಸರಿಯಾಗಿ ಬಂದರು. ಕಪ್ಪು ಕನ್ನಡಕ. ಕಂಕುಳಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಏನೋ ದುಂಡನೆಯ ವಸ್ತು. ನಾನು ಕಿಕ್ ಹೊಡೆದೆ. ಎಂಜಿನ್ ಸದ್ದನ್ನು ತಲೆ ವಾಲಿಸಿ ಕೇಳಿದರು. ಆಫ್ ಮಾಡು ಅಂತ ಕೈಯಲ್ಲಿ ತೋರಿಸಿದರು.

"ಇನ್ನು ಏನು ಉಳಿದಿದೆ?"

"ಏನೂ ಇಲ್ಲ. ಎಲ್ಲ ಮುಗೀತು," ಅಂದೆ. ಎಷ್ಟು ಹೆಮ್ಮೆಯಿಂದ ಅಂದೆ ಗೊತ್ತಾ?

ಕೋಟಿನ ಒಳಜೇಬಿನಿಂದ ಪುಟ್ಟ ಡೈರಿ ತೆಗೆದರು. ಅದರ ಬೆನ್ನಿಗೆ ಸಿಕ್ಕಿಸಿದ್ದ ಸಣ್ಣ ಪೆನ್ಸಿಲ್ ಬಿಡಿಸಿ ನನಗೆ ಕೊಟ್ಟರು. "ಹಾಗಾದರೆ ಹೊಡೆದುಹಾಕು. ನನಗಿನ್ನೂ ಅಕ್ಷರ ಮಂಜು."

ತೆರೆದೆ. ಶನಿವಾರದ ಮುಂದೆ ದಪ್ಪ ಅಕ್ಷರದಲ್ಲಿ "ಬೈಕು, 2 ಗಂಟೆ" ಅಂತ ಬರೆದಿತ್ತು. ಗೆರೆ ಎಳೆದೆ. ಮುಂದಿನ ಶನಿವಾರಕ್ಕೂ ಅದೇ. ಎಳೆದೆ. ಪುಟ ತಿರುಗಿಸಿದೆ. ಮೇ ತಿಂಗಳ ಒಂದು ಶನಿವಾರದ ಮುಂದೆ "ಶೋವ್ಡೆ, ಹಳೇ ಪಾರ್ಟ್ಸ್ ಸಂತೆ, ಇಬ್ಬರೂ". ಅದಕ್ಕೂ ಎಳೆಯಬೇಕಾ ಅಂತ ಮುಖ ನೋಡಿದೆ. ಕಪ್ಪು ಕನ್ನಡಕದೊಳಗೆ ಏನು ಕಾಣುತ್ತದೆ? ಎಳೆದೆ. ಜೂನ್, ಜುಲೈ, ಆಗಸ್ಟ್. ಅಕ್ಟೋಬರ್ ಕೊನೆಯವರೆಗೂ ಬರೆದಿಟ್ಟಿದ್ದರು. ಉಳಿದ ದಿನಗಳ ಮುಂದೆ ಏನಿತ್ತು ಅಂದಿರಾ? ಒಂದು ಕಡೆ ಹಲ್ಲಿನ ಡಾಕ್ಟರು. ಒಂದು ಕಡೆ ತಂಗಿಯ ಹುಟ್ಟುಹಬ್ಬ. ಮಿಕ್ಕಿದ್ದೆಲ್ಲ ಬಿಳಿ ಹಾಳೆ.

ಡೈರಿ ವಾಪಸ್ ಕೊಟ್ಟೆ. "ಯಾಹಾ" ಅಂದರು.

ನ್ಯೂಸ್‌ಪೇಪರಿನ ಗಂಟನ್ನು ಶೆಲ್ಫಿನ ಮೇಲೆ ಇಟ್ಟು ಹೋದರು. ಆಮೇಲೆ ಬಿಚ್ಚಿ ನೋಡಿದೆ. ನಮ್ಮ ಬೈಕಿನ ಹಳೆಯ ಹೆಡ್‌ಲೈಟಿನ ಬಳೆ, ಗಾಜಿನ ಸುತ್ತ ಕೂರುವ ಲೋಹದ್ದು. ಪೆಟ್ಟು ತಿಂದು ತಟ್ಟೆಯಂತಾಗಿತ್ತು, ಎಸೆಯಿರಿ ಅಂದಿದ್ದೆ ನಾನು. ಆಪರೇಶನ್ನಿಗೆ ಮೊದಲು, ಸರಿಯಾಗಿ ಕಾಣದ ಕಣ್ಣಿನಲ್ಲಿ, ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ತಟ್ಟಿ ತಟ್ಟಿ ದುಂಡಗೆ ಮಾಡಿರಬೇಕು. ಒಂದು ಗೀರಿಲ್ಲ.

ಬೈಕು ತಪಾಸಣೆಯಲ್ಲೂ ಪಾಸಾಯಿತು. (ನನ್ನ ಲೈಸೆನ್ಸಿನ ಕತೆ ಬೇರೆ, ಅದನ್ನು ಕೇಳಬೇಡಿ.) ಕೆರೆಯ ದಂಡೆಯ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದೆ. ಚೆನ್ನಾಗಿ ಓಡುತ್ತದೆ. ಎಲ್ಲಿಗೆ ಅಂತ ಗೊತ್ತಾಗದೆ ವಾಪಸ್ ಬಂದೆ. ಶಾಹಿದಾ, ಒಳ್ಳೇ ರೇಟು ಬಂದರೆ ಮಾರಿ ಟಿಕೆಟ್ ಮಾಡಿಸಿ ಅಂದಳು. ಆಮೇಲೆ, "ದನಿ ಯಾಕ್ರೀ ಹಾಗಿದೆ, ಮತ್ತೆ ಶೀತ ಆಯ್ತಾ?" ಅಂದಳು.

ಹರೀಶ್‌ಗೆ ಎಲ್ಲ ಹೇಳಿದೆ. ಅವನು ನಕ್ಕ. "ಭಾಯ್, ನಮ್ ಕಂಪನೀಲಿ ಇಂಥ ತಪ್ಪು ಫ್ರೆಶರೂ ಮಾಡಲ್ಲ. ಎರಡು ವರ್ಷದ ಪ್ರಾಜೆಕ್ಟನ್ನ ಎರಡು ವಾರಕ್ಕೆ ಡೆಲಿವರಿ ಕೊಟ್ರೆ ಕ್ಲಯಂಟ್ ಉಳೀತಾನಾ?" ನಗು ನಿಲ್ಲಿಸಿ, "ಹೋಗಿ ಮಾತಾಡ್ಸಿ," ಅಂದ.

ಹೇಳದೆ ಕೇಳದೆ ಇನ್ನೊಬ್ಬರ ಮನೆ ಬೆಲ್ ಒತ್ತುವುದು ಈ ಊರಿನಲ್ಲಿ ಹೆಚ್ಚುಕಡಿಮೆ ಅಪರಾಧ. ಆದರೂ ಒತ್ತಿದೆ. ಬರ್ಟಿಲ್ ಬಾಗಿಲು ತೆರೆದರು. ಕೋಪವೇನೂ ಕಾಣಲಿಲ್ಲ. ಕೋಪವಿದ್ದರೆ ಒಳ್ಳೆಯದಿತ್ತು, ಕೋಪದ ಜೊತೆ ಚೌಕಾಸಿ ಮಾಡಬಹುದು. ಹೊಸ ಹೆಡ್‌ಲೈಟ್ ತೆಗೆದು ನೀವು ಮಾಡಿದ ಬಳೆ ಹಾಕೋಣ ಅಂದೆ. ಹ್ಯಾಂಡಲ್ ಬಾರೂ ಮೊದಲಿನಂತೆ ಮಾಡೋಣ, ನೀವು ಹೇಳಿದ್ದೇ ಸರಿ ಅಂದೆ.

ಬಾಗಿಲ ಹಿಡಿಕೆ ಹಿಡಿದೇ ಕೇಳಿದರು. "ಇದು ಬೈಕಿಗೆ ಬೇಕಾ, ಅಥವಾ ನನಗೋಸ್ಕರವಾ?"

"ಬೈಕಿಗೆ," ಅಂದೆ.

"ಬೈಕು ಓಡುತ್ತಿದೆ. ಓಡುತ್ತಿರುವುದನ್ನು ಬಿಚ್ಚಬಾರದು," ಅಂದರು. ಬೇಸಿಗೆ ಇಲ್ಲಿ ಚಿಕ್ಕದು, ಸುತ್ತಾಡು ಅಂತಲೂ ಅಂದರು. ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಬೈಕಿಗಲ್ಲ, ನಿಮಗೂ ಅಲ್ಲ, ನನಗೆ ಬೇಕು ಅಂತ ಅಲ್ಲೇ ಹೇಳಬಹುದಿತ್ತು. ಅಷ್ಟು ಸ್ವೀಡಿಷ್ ನನಗೆ ಬರುತ್ತದೆ. ಮೆಟ್ಟಿಲು ಹತ್ತುವಾಗ ಹೊಳೆಯಿತು, ಆಗ ತಡವಾಗಿತ್ತು.

ಈ ಶನಿವಾರ ಎರಡಕ್ಕೆ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಎತ್ತಿಟ್ಟು ಕೂತಿದ್ದೆ. ಕೆಳಮನೆಯ ಕಿಟಕಿಗೆ ಕಾಣುವ ಹಾಗೆ. ಹೆಡ್‌ಲೈಟ್ ಬಿಚ್ಚಿದೆ. ಹ್ಯಾಂಡಲ್ ಬಾರೂ ಬಿಚ್ಚಿದೆ. ಕಾರ್ಬೊರೇಟರಿಗೆ ಏನೂ ಆಗಿರಲಿಲ್ಲ, ಅದನ್ನೂ ಬಿಚ್ಚಿದೆ. ಮೂರು ಗಂಟೆಗೆ ಫ್ಲಾಸ್ಕಿನಿಂದ ಎರಡು ಕಪ್ ಬಗ್ಗಿಸಿದೆ. ಕೆಳಮನೆಯ ಪರದೆ ಒಂದು ಸಲ ಅಲ್ಲಾಡಿದಂತೆ ಕಂಡಿತು. ಗಾಳಿಯೂ ಇರಬಹುದು. ನಾಲ್ಕು ಗಂಟೆಗೆ ಒಂದು ಕಪ್ಪನ್ನು ಹೊರಗೆ ಚೆಲ್ಲಿ ಬಾಗಿಲು ಎಳೆದುಕೊಂಡೆ.

ಕಡಿಮೆ ಖರ್ಚಿನಲ್ಲಿ, ಕಡಿಮೆ ದಿನದಲ್ಲಿ ಹಳೇ ಬೈಕು ಕಟ್ಟುವುದು ಹೇಗೆ ಅಂತ ಯಾರು ಬರೆದು ಕೇಳಿದರೂ ಹೇಳಿಕೊಡುತ್ತೇನೆ. ಮುಗಿಸಿಬಿಟ್ಟ ಕೆಲಸವನ್ನು ಇಬ್ಬರು ಮತ್ತೆ ಶುರು ಮಾಡುವುದು ಹೇಗೆ ಅಂತ ನಿಮಗೆ ಯಾರಿಗಾದರೂ ಗೊತ್ತಾ?