ವಿಠ್ಠಲ ಕಾಕಾನ ಬಾಜೂ ಬಾಗಿಲು

ವಿಠ್ಠಲ ಕಾಕಾನ ಸಿ.ಡಿ.ಗಳಿಗೆ ಬೆಳ್ಳುಳ್ಳಿ ಚಟ್ನಿಯ ವಾಸನೆ ಬರುತ್ತಿತ್ತು. ರೊಟ್ಟಿ ಕಟ್ಟಿಕೊಂಡು ಬರುವ ಅರಿವೆಯ ಮಡಿಕೆಯಲ್ಲೇ ಅವನ್ನೂ ಇಟ್ಟುಕೊಂಡು ದಿನಾಲೂ ಖಾನಾಪುರದ ಬಸ್ಸಿನಲ್ಲಿ ಮಚ್ಛೆಗೆ ಬರುತ್ತಿದ್ದರು. ತಲೆಯ ಮೇಲೆ ಬಿಳಿ ಟೋಪಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಮೇಲೆ ಬಡಿಗನ ಪೆನ್ಸಿಲ್ಲು, ಕಾಲಲ್ಲಿ ಸವೆದ ಕೊಲ್ಹಾಪುರಿ ಚಪ್ಪಲಿ. ಇಂಥವರೊಬ್ಬರು ಕಂಪ್ಯೂಟರಿನಲ್ಲಿ ನನ್ನನ್ನು ಮೀರಿಸುತ್ತಾರೆಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾರೂ ಹೇಳಲಿಲ್ಲ. ನಾನೇ ಕಂಡುಕೊಳ್ಳಬೇಕಾಯಿತು. ಕಂಡುಕೊಂಡ ದಿನ ನನಗೆ ಊಟ ಸೇರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಬೆಳಗಾವಿಯ ಹತ್ತಿರದ ಮಚ್ಛೆಯಲ್ಲಿ ಎರಕದ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಅಧಿಕಾರಿ. ವಯಸ್ಸು ಮೂವತ್ತೊಂದು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಮೂರು ಸರ್ಟಿಫಿಕೇಟು. ಕಂಪನಿಯ ಇ-ಮೇಲು, ಯಾವ ಮೀಟಿಂಗು ಯಾವಾಗ ಎಂದು ತೋರಿಸುವ ಕ್ಯಾಲೆಂಡರು, ಎರಡೂ ನನ್ನ ಗಾಜಿನ ಖೋಲಿಯಲ್ಲಿದ್ದ ಸರ್ವರಿನ ಮೇಲೆ ನಡೆಯುತ್ತಿದ್ದವು. ಅವನ್ನು ನೋಡುವ ತಂತ್ರಾಂಶ ಆಫೀಸಿನವರ ಹೊಸ ಯಂತ್ರಗಳಲ್ಲಿ ಮಾತ್ರ ಇತ್ತು. ಕಾರ್ಖಾನೆಯೊಳಗಿನ ಮಿಸ್ತ್ರಿಗಳಿಗೆಲ್ಲ ಹೆಸರು, ಪಾಸ್‌ವರ್ಡು ಕೊಟ್ಟಿದ್ದೆವು. ತಂತ್ರಾಂಶ ಕೊಟ್ಟಿರಲಿಲ್ಲ. ತಮ್ಮ ಪತ್ರ ನೋಡಬೇಕೆಂದರೆ ಅವರು ನನ್ನ ಖೋಲಿಗೇ ಬರಬೇಕು, ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮೂಲೆಯಲ್ಲಿದ್ದ ಒಂದೇ ಒಂದು ಯಂತ್ರದ ಮುಂದೆ ಪಾಳಿ ಹಚ್ಚಬೇಕು.

"ಸಾಹೇಬ್ರ, ನಂದೇನರ ಬಂದೈತೇನ್ರಿ?" ಎಂದು ಅವರು ಬಾಗಿಲಲ್ಲಿ ನಿಂತು ಕೇಳಿದಾಗ ನಾನು ತಲೆ ಎತ್ತದೆ "ಐದ ಮಿನಿಟ ತಡೀರಿ" ಎನ್ನುತ್ತಿದ್ದೆ. ಮಾಡುವ ಕೆಲಸವೇನೂ ಇರುತ್ತಿರಲಿಲ್ಲ. ಗಾಜಿನಾಚೆ ಚಪ್ಪಲಿಗಳ ಸಾಲು ಕಾಣುತ್ತಿತ್ತು. ಹದಿನಾಲ್ಕು ಜೊತೆ ಕಂಡ ದಿನ ನಾನು ಸ್ಕೂಟರಿನ ಮೇಲೆ ಟಿಳಕವಾಡಿಯ ಮನೆಯವರೆಗೂ ಸಿಳ್ಳೆ ಹಾಕುತ್ತ ಹೋಗಿದ್ದುಂಟು.

ಕಾರ್ಖಾನೆಗೆಲ್ಲ ಕಾಕಾ ಆಗಿದ್ದ ಅವರು ಪ್ಯಾಟರ್ನ್ ಶಾಪಿನ ಮಿಸ್ತ್ರಿ. ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಕಟ್ಟಿಗೆಯಲ್ಲಿ ಕೆತ್ತಿಕೊಡುವ ವಿಭಾಗ ಅದು. ಊರು ಹಲಸಿಯ ಹತ್ತಿರದ ಒಂದು ಹಳ್ಳಿ. ಮನೆತನದವರು ಕುರಿ ಕಾಯ್ದು ಬದುಕಿದವರು. ಪಗಾರದ ನೌಕರಿ ಹಿಡಿದದ್ದು ಇವರೇ ಮೊದಲು. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ. ಇಂಗ್ಲಿಷಿಗೆ ಮಾತ್ರ ಪಕ್ಕದಲ್ಲೊಂದು ಹರಿದ ಶಬ್ದಕೋಶ ಬೇಕಾಗುತ್ತಿತ್ತು. ನಾನು ಗುಜರಿಗೆ ಎಂದು ಹೊರಗೆ ಹಾಕಿಸಿದ್ದ ಒಂದು ಹಳೇ ಕಂಪ್ಯೂಟರನ್ನು ಕೇಳಿ ಒಯ್ದಿದ್ದರು. ಅಳತೆ ಬರೆದಿಡಲಿಕ್ಕೆ ಇರಬೇಕೆಂದು ನಾನೂ ಸುಮ್ಮನಿದ್ದೆ.

ಒಂದು ದಿನ ಹನ್ನೆರಡು ಜನರಿಗೆ ಕ್ಯಾಲೆಂಡರಿನಲ್ಲಿ ಮೀಟಿಂಗಿನ ಕರೆ ಕಳಿಸಿದೆ. ಮೊದಲು ಬಂದ ಉತ್ತರವೇ ಕಾಕಾನದು: ಬರುತ್ತೇನೆ. ಆಗ ನನ್ನ ಖೋಲಿಯಲ್ಲಿ ಯಾರೂ ಇರಲಿಲ್ಲ. ಎದ್ದು ಪ್ಯಾಟರ್ನ್ ಶಾಪಿಗೆ ಹೋದೆ. ಸಾಗವಾನಿ ಕಟ್ಟಿಗೆಯ ಪುಡಿ ಕೂತ ಆ ಹಳೇ ಯಂತ್ರದ ಪರದೆಯ ಮೇಲೆ ಕಂಪನಿಯ ಪತ್ರಗಳು ಒಂದರ ಕೆಳಗೊಂದು ನಿಂತಿದ್ದವು. ಬಾಜೂದಲ್ಲಿ ಕ್ಯಾಲೆಂಡರು. ಅದರಲ್ಲಿ ನಾನು ಈಗಷ್ಟೇ ಕಳಿಸಿದ ಮೀಟಿಂಗು.

"ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಕಾಕಾ ಸ್ಟೂಲಿನ ಮೇಲಿನ ಪುಡಿಯನ್ನು ಟೋಪಿಯಿಂದ ಝಾಡಿಸಿದರು. "ಇದು ಲಿನಕ್ಸ್ ಅಂತ್ರಿ, ಕಂಪ್ಯೂಟರ್ ನಡಸೂ ಪ್ರೋಗ್ರಾಮು. ಮ್ಯಾಗಝಿನ್ ಜೋಡಿ ಸಿ.ಡಿ. ಬಂದಿತ್ತು. ಯಾರ ಬೇಕಾದರೂ ಬಿಚ್ಚಿ ನೋಡಬಹುದಂತ."

"ಇದರಲ್ಲಿ ನಮ್ಮ ಮೇಲ್ ಹೇಗೆ ಬಂತು?"

"ಊರೂರು ತಿರಗೂ ಸೇಲ್ಸ್ ಮಂದೀಗೆ ನೀವು ಬ್ರೌಸರಿನಾಗ ಪತ್ರ ನೋಡೂ ಹಂಗ ಮಾಡೀರಲ್ರಿ? ಆ ಬಾಗಲಾ ತಗದಾ ಇತ್ತು. ಇದಕ್ಕ ಅಲ್ಲಿಂದ ಹೋಗಿ ತರೂದು ಕಲಿಸೀನಿ. ಎರಡ ತಿಂಗಳ ಹಿಡೀತ್ರಿ."

ಎರಡು ತಿಂಗಳು ಭಾನುವಾರಗಳಂದು ಬೆಳಗಾವಿಯ ಖಡೇ ಬಜಾರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಎಲ್ಲೋ ದೂರ ದೇಶದ ಮುಖ ಕಾಣದ ಜನರಿಗೆ ಶಬ್ದಕೋಶ ನೋಡಿ ನೋಡಿ ಪ್ರಶ್ನೆ ಬರೆದು ಕಲಿತಿದ್ದರು. ಇದಕ್ಕೆ ಪರವಾನಗಿ ಇಲ್ಲ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಪತ್ರ ನನಗ ಬಂದಾವು, ಪಾಸ್‌ವರ್ಡ್ ನೀವ ಕೊಟ್ಟಿದ್ದು. ನಾ ಬಾಜೂ ಬಾಗಲದಿಂದ ಬಂದೆ, ಅಷ್ಟರೀ" ಎಂದು ನಕ್ಕರು. ಆಮೇಲೆ ಪರದೆಯ ಮೇಲೆ ಕರಿಯ ಕಿಟಕಿಯೊಂದನ್ನು ತೆರೆದು ಸಾಲುಸಾಲಾಗಿ ಹರಿಯುವ ಅಕ್ಷರ ತೋರಿಸಿದರು. "ಇದು ನನಗ ಭಾಳ ಸೇರ್ತೈತಿ ನೋಡ್ರಿ. ನಮ್ಮಪ್ಪ ಸಂಜೀಕ ದಡ್ಡಿ ಬಾಗಲದಾಗ ನಿಂತು ಕುರಿ ಎಣಸಾಂವ. ಯಾವದ ಬಂತು, ಯಾವದ ಬರಲಿಲ್ಲ. ಇದೂ ಹಂಗ, ಎಲ್ಲಾ ಬರಕೋತ ಹೋಗ್ತೈತಿ. ಕೆಟ್ಟರೂ ಯಾಕ ಕೆಟ್ಟೆ ಅಂತ ಹೇಳಿ ಕೆಡ್ತೈತಿ."

ಈ ಮಾತನ್ನು ನಾನು ಲಕ್ಷ್ಯಗೊಟ್ಟು ಕೇಳಬೇಕಾಗಿತ್ತು. ಹೊಟ್ಟೆಯಲ್ಲಿ ಬೆಂಕಿ ಬಿದ್ದವನಿಗೆ ಕಿವಿ ಎಲ್ಲಿಂದ ಬರಬೇಕು!

ಆ ವಾರ ನಾನೂ ಅಂಥದೇ ಮ್ಯಾಗಝಿನ್ ಕೊಂಡು ಮನೆಯ ಕಂಪ್ಯೂಟರಿಗೆ ಸಿ.ಡಿ. ಹಾಕಿದೆ. ಭಾನುವಾರ ಪೂರ್ತಿ ಕೂತರೂ ಪರದೆ ಕಪ್ಪಾಗಿಯೇ ಉಳಿಯಿತು. ಹೆಂಡತಿ ಎರಡು ಸಲ ಬಂದು "ಆಫೀಸಿನಾಗ ಯಾರಿಗರ ಕೇಳಬಾರದೇನ್ರಿ?" ಅಂದಳು. ಕೇಳಬಹುದಾಗಿದ್ದ ಮನುಷ್ಯ ಒಬ್ಬರೇ ಇದ್ದರು. ಕಾಕಾನೂ ಸಿಕ್ಕಾಗಲೆಲ್ಲ "ಕಲಿತೀರೇನ್ರಿ ಸಾಹೇಬ್ರ? ನಿಮಗ ಎರಡ ದಿನದ ಕೆಲಸ" ಎನ್ನುತ್ತಿದ್ದರು. ಪುರಸೊತ್ತಿಲ್ಲ ಎನ್ನುತ್ತಿದ್ದೆ.

ಸುದ್ದಿ ಕಾರ್ಖಾನೆ ತುಂಬ ಹಬ್ಬಿತು. ಮೋಲ್ಡಿಂಗಿನವರು ಕರೆದರು, ಕಾಕಾ ಹೋಗಿ ಮಾಡಿಕೊಟ್ಟರು. ಮಶಿನ್ ಶಾಪಿನವರು ಕರೆದರು, ಅಲ್ಲಿಯೂ ಹೋದರು. ಎಲ್ಲ ನಾನು ಗುಜರಿಗೆ ಹಾಕಿದ ಯಂತ್ರಗಳೇ. ಒಂದೊಂದು ಯಂತ್ರ ಎದ್ದು ಕೂತಂತೆ ನನ್ನ ಬಾಗಿಲ ಹೊರಗೆ ಒಂದೆರಡು ಜೊತೆ ಚಪ್ಪಲಿ ಕಡಿಮೆ. ಹದಿನಾಲ್ಕು ಹೋಗಿ ಒಂಬತ್ತಾಯಿತು, ಒಂಬತ್ತು ಹೋಗಿ ನಾಲ್ಕಾಯಿತು. ಒಂದು ದಿನ ಗಾಜಿನಾಚೆ ನೋಡಿದರೆ ಬರೀ ಫರಸಿ ಕಲ್ಲಿನ ನೆಲ. ಆ ಖಾಲಿ ಫರಸಿ ಕಂಡು ನನಗೆ ಎಷ್ಟು ಸಂಕಟವಾಯಿತೆಂದರೆ, ಯಾರೂ ಇಲ್ಲದ ಖೋಲಿಯಲ್ಲಿ "ಐದ ಮಿನಿಟ ತಡೀರಿ" ಎಂದು ಮೆಲ್ಲಗೆ ಅಂದುಕೊಂಡೆ.

ಅಷ್ಟರಲ್ಲಿ ಜನರಲ್ ಮ್ಯಾನೇಜರು ಎಲ್ಲರ ಮುಂದೆ, "ವಿಠ್ಠಲ ಕಾಕಾನಿಂದ ಒಂದಿಷ್ಟು ಕಲೀರಿ. ಇನ್ನು ಮುಂದೆ ಶಾಪಿನ ಕಂಪ್ಯೂಟರೆಲ್ಲ ಅವರೇ ನೋಡಿಕೊಳ್ಳಲಿ" ಎಂದು ನನಗೆ ಹೇಳಿದರು. ಮಿಸ್ತ್ರಿಗಳು ಚಪ್ಪಾಳೆ ತಟ್ಟಿದರು. ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡು, "ಸರ್ವರ್ ನಡಸೂದು ಸಾಹೇಬ್ರರಿ. ಅವರದಿಲ್ಲಂದ್ರ ನಂದೇನೂ ಇಲ್ಲ" ಎಂದರು. ಅದು ಇನ್ನಷ್ಟು ಉರಿ ಹಚ್ಚಿತು. ಬಡಾಯಿ ಕೊಚ್ಚಿಕೊಂಡಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ಮರುದಿನ, ಗುರುವಾರ, ಊಟದ ಬೆಲ್ಲಿಗೆ ಮುಂಚೆ, ನಾನು ಸರ್ವರಿನ ಪಟ್ಟಿ ತೆರೆದೆ. ಬ್ರೌಸರಿನ ಹಾದಿಯಿಂದ ಯಾರು ಒಳಗೆ ಬರಬಹುದು ಎಂಬುದಕ್ಕೆ ಪ್ರತಿ ಹೆಸರಿನ ಮುಂದೆ ಒಂದು ಟಿಕ್ ಗುರುತು ಇರುತ್ತದೆ. ಕಾಕಾನ ಹೆಸರಿನ ಮುಂದಿನ ಟಿಕ್ ತೆಗೆದೆ. ಒಂದು ಬೆರಳಿನ ಕೆಲಸ. ಸರ್ವರೇ ಕೆಟ್ಟಿದೆ ಅಂದುಕೊಳ್ಳಲಿ, ಇಲ್ಲವೇ ತಾವು ಕಲಿಸಿದ್ದೇ ತಪ್ಪಿತು ಅಂದುಕೊಳ್ಳಲಿ ಎಂಬುದು ನನ್ನ ಎಣಿಕೆ. ಬಂದು ಕೇಳಿದರೆ ಎರಡು ದಿನ ಸತಾಯಿಸಿ ಸರಿಮಾಡಿಕೊಟ್ಟರಾಯಿತು, ಹಳೇ ಮರ್ಯಾದೆ ಒಂದಿಷ್ಟಾದರೂ ಮರಳೀತು ಎಂದುಕೊಂಡಿದ್ದೆ.

ಆದರೆ ಅದೇ ದಿನ ಮಧ್ಯಾಹ್ನ ಕ್ಯಾಲೆಂಡರಿನಲ್ಲಿ ಒಂದು ತಾರೀಖು ಸರಿಯಿತು. ಪುಣೆಯ ಗಿರಾಕಿಗಳು ಹೊಸ ಪ್ಯಾಟರ್ನನ್ನು ನೋಡಲು ಮುಂದಿನ ಮಂಗಳವಾರ ಬರುವವರಿದ್ದರು. ಅವರು ಶನಿವಾರವೇ ಬರುತ್ತಾರೆ ಎಂದು ಮ್ಯಾನೇಜರು ಬದಲಿಸಿದ್ದರು. ನನ್ನ ಪರದೆಯ ಮೇಲೆ ಅದು ಬಂತು. ಕಾಕಾನ ಪರದೆಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಜಿನಾಚೆ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಸವೆದ ಕೊಲ್ಹಾಪುರಿ.

"ಸಾಹೇಬ್ರ, ನಂದೇನರ ಬಂದೈತೇನ್ರಿ?" ಎಂದರು ಕಾಕಾ. ಮೂಲೆಯ ಯಂತ್ರಕ್ಕೆ ಏನೂ ಆಗಿರಲಿಲ್ಲ, ಸುಮ್ಮನೆ ಕೂತಿತ್ತು.

"ಅದು ರಿಪೇರಿ ಐತಿ ಕಾಕಾ. ನಾಳೆ ಬರ್ರಿ."

ಕಾಕಾ ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು. "ಆತ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಶನಿವಾರದ ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರಿಗೆ ಗೊತ್ತಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಹೇಳಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಶನಿವಾರ ಗಿರಾಕಿಗಳು ಬಂದಾಗ ಪ್ಯಾಟರ್ನು ಅರ್ಧ ಕೆತ್ತಿದ ಕಟ್ಟಿಗೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಹೊರಗಿನವರೆದುರು ಮ್ಯಾನೇಜರು ಕಾಕಾನನ್ನು ಬೈದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಆ ಮನುಷ್ಯ ಒಂದು ಮಾತು ಅನ್ನಿಸಿಕೊಂಡವರಲ್ಲ. "ಕ್ಯಾಲೆಂಡರ್ ನೋಡೋದಿಲ್ಲವಾ? ದೊಡ್ಡ ಕಂಪ್ಯೂಟರ್ ಪಂಡಿತರು!" ಎಂದರು ಮ್ಯಾನೇಜರು. ಕಾಕಾ ಕಿವಿಯ ಮೇಲಿನ ಪೆನ್ಸಿಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಪ್ಪು ನಂದರಿ ಸಾಹೇಬ್ರ" ಎಂದರು. ನಾನು ಎರಡು ಮಾರು ದೂರದಲ್ಲಿ ಫೈಲು ಎದೆಗವಚಿ ನಿಂತಿದ್ದೆ. ಇದೇ ನೋಟಕ್ಕಾಗಿ ವಾರಗಟ್ಟಲೆ ಹಾತೊರೆದಿದ್ದವನು ನಾನು. ನೋಡಲಿಕ್ಕಾಗದೆ ಹೊರಗೆ ಬಂದೆ.

ಸೋಮವಾರ ಟಿಕ್ ಗುರುತನ್ನು ಮತ್ತೆ ಹಾಕಿದೆ. ಮಧ್ಯಾಹ್ನ ಎದುರಾದ ಕಾಕಾ "ಶುರು ಆತ್ರಿ ಸಾಹೇಬ್ರ" ಎಂದರು. "ಹೌದ್ರಿ, ಸರ್ವರಿನಾಗ ಏನೋ ಆಗಿತ್ತು" ಎಂದೆ. "ಇರಬೇಕ್ರಿ" ಎಂದು ಅವರು ಚಹದ ಕಡೆ ನಡೆದರು.

ಒಂದೂವರೆ ವರ್ಷದ ಮೇಲೆ ಕಾಕಾ ನಿವೃತ್ತರಾದರು. ಅವರು ಹೋದ ಎರಡೇ ತಿಂಗಳಿಗೆ ಕಂಪನಿ ಸರ್ವರಿನ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿತು. ಶಾಪಿನ ಯಂತ್ರಗಳೆಲ್ಲ ಒಮ್ಮೆಲೇ ಕುರುಡಾದವು. ನಾಲ್ಕು ದಿನ ತಿಣುಕಿದೆ, ನನ್ನಿಂದಾಗಲಿಲ್ಲ. ಕಾಕಾನನ್ನು ಹೋಗಿ ಕಾಣಿರಿ ಎಂದು ಮ್ಯಾನೇಜರೇ ಅಂದರು. ಖಾನಾಪುರಕ್ಕೆ ಹೋಗಿ, ಅಲ್ಲಿಂದ ಹಲಸಿಯ ಬಸ್ಸು ಹಿಡಿದು, ಊರು ಕೇಳಿಕೊಂಡು ಅವರ ಬಾಗಿಲಿಗೆ ಹೋದೆ. ಬೂಟು ಬಿಚ್ಚಿ ಹೊರಗಿಟ್ಟೆ.

"ಒಳಗ ತಗೊಂಬರ್ರಿ ಸಾಹೇಬ್ರ, ಅಲ್ಲಿಟ್ಟರ ನಾಯಿ ಒಯ್ತಾವ" ಎಂದು ಕಾಕಾ ತಾವೇ ಬೂಟನ್ನು ಎತ್ತಿ ಒಳಗಿಟ್ಟರು.

ಚಹ ಬಂತು. ನಾನು ತೊಂದರೆ ಹೇಳುವುದಕ್ಕೆ ಮೊದಲೇ ಒಂದು ನೋಟುಬುಕ್ಕು ತಂದು ಕೈಗಿಟ್ಟರು. ಎಲ್ಲವನ್ನೂ ಬಡಿಗನ ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಬರೆದಿದ್ದರು. ಯಾವುದು ಕೆಟ್ಟರೆ ಎಲ್ಲಿ ನೋಡಬೇಕು, ಸರ್ವರು ಬದಲಾದರೆ ಯಾವ ಸಾಲು ತಿದ್ದಬೇಕು. ಮೊದಲ ಪುಟದ ಮೇಲೆ "ಸಾಹೇಬರಿಗೆ" ಎಂದಿತ್ತು. ನೋಟುಬುಕ್ಕನ್ನು ಮುಚ್ಚಿದೆ.

"ಕಾಕಾ, ಆವತ್ತು ನಿಮ್ಮ ಬಾಗಿಲು ಬಂದ್ ಮಾಡಿದ್ದು ನಾನು" ಎಂದೆ.

"ಗುರುವಾರ. ಹನ್ನೊಂದು ನಲವತ್ತಕ್ಕ" ಎಂದರು ಕಾಕಾ, ಚಹ ಆರಿಸಿಕೊಳ್ಳುತ್ತ.

"ನಿಮಗ ಗೊತ್ತಿತ್ತೇನ್ರಿ?"

"ನಮ್ಮ ಲಿನಕ್ಸ್ ಹೇಳ್ತೈತಲ್ರಿ. ಸರ್ವರ್ ಆರಾಮ ಐತಿ, ಇವಂಗ ಅಷ್ಟ ಪರವಾನಗಿ ಇಲ್ಲ ಅಂತ ಬರದಿತ್ತು."

"ಮತ್ತೆ ಮ್ಯಾನೇಜರ ಮುಂದ ತಪ್ಪು ನಂದು ಅಂದ್ರಲ್ಲ?"

"ಪ್ಯಾಟರ್ನ್ ಮುಗಿದಿರಲಿಲ್ಲ, ಖರೇನ ಅಲ್ರಿ? ನಿಮ್ಮ ಹೆಸರು ಹೇಳಿ ನಾ ಏನ ಗಳಸ್ತಿದ್ದೆ." ಬಟ್ಟಲನ್ನು ಕೆಳಗಿಟ್ಟರು. "ಮತ್ತ ಸೋಮವಾರ ಬಾಗಲಾ ತಗದದ್ದು ಎಂಟ ಹೊಡದು ಐದ ಮಿನಿಟಿಗೆ. ನೀವು ದಿನಾ ಬರೂದು ಒಂಬತ್ತೂವರಿಗೆ. ಅವತ್ತ ಎಂಟಕ್ಕ ಬಂದಿದ್ರಿ. ಅದನ್ನೂ ಬರದಿತ್ತರಿ ಸಾಹೇಬ್ರ."

ಮರಳುವ ಬಸ್ಸಿನಲ್ಲಿ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದಕ್ಕೂ ಬೆಳ್ಳುಳ್ಳಿ ಚಟ್ನಿಯ ವಾಸನೆ. ನಾಚಿಕೆಯಾಗಿತ್ತು, ಅದು ನಿಜ. ಆದರೆ ಅದರ ಅಡಿಯಲ್ಲಿ ಹಳೇ ಹೊಟ್ಟೆಕಿಚ್ಚು ಇನ್ನೂ ಉರಿಯುತ್ತಿತ್ತು. ಇಷ್ಟು ದಿನ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ದಿನಾ ನನಗೆ ನಮಸ್ಕಾರ ಹೇಳಲು ಈ ಮನುಷ್ಯನಿಗೆ ಹೇಗೆ ಸಾಧ್ಯವಾಯಿತು? ನನ್ನಿಂದ ಒಂದು ದಿನವೂ ಆಗುತ್ತಿರಲಿಲ್ಲ.

ನೋಟುಬುಕ್ಕು ನೋಡಿ ಎರಡು ದಿನದಲ್ಲಿ ಎಲ್ಲ ಯಂತ್ರ ಸರಿಮಾಡಿದೆ. ಎರಡೇ ದಿನ, ಕಾಕಾ ಅಂದಷ್ಟೇ. ಮರುವರ್ಷ ಅವರು ತೀರಿಕೊಂಡ ಸುದ್ದಿ ಖಾನಾಪುರದಿಂದ ಬರುವ ಒಬ್ಬ ಮಿಸ್ತ್ರಿಯಿಂದ ತಿಳಿಯಿತು. ನೌಕರಿ ಬಿಟ್ಟವರ ಹೆಸರನ್ನು ಸರ್ವರಿನಿಂದ ತೆಗೆಯುವುದು ನನ್ನ ಕೆಲಸ. ಪಟ್ಟಿಯನ್ನು ತೆರೆದಾಗಲೆಲ್ಲ ಅವರ ಹೆಸರು, ಅದರ ಮುಂದಿನ ಟಿಕ್ ಗುರುತು ಕಾಣುತ್ತವೆ. ಅದನ್ನು ಒಮ್ಮೆ ತೆಗೆದಿದ್ದೆ. ಎರಡನೇ ಸಲ ತೆಗೆದಿಲ್ಲ.